ಅಟ್ಟದ ಮೇಲಿನ ಆಸ್ತಿ

ಆಸ್ತಿಯೆಂದರೆ ಏನು ಎಂದು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯನ್ನು ಕೇಳಿದರೆ ಅವನು ಭೂಮಿ, ಕಟ್ಟಡ, ಯಂತ್ರ, ದಾಸ್ತಾನು, ಬರತಕ್ಕ ಬಾಕಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಸಾಲದ ಅರ್ಜಿಗಳನ್ನು ಪರಿಶೀಲಿಸುವ ನನ್ನಂತಹ ಬ್ಯಾಂಕ್ ಅಧಿಕಾರಿಯೂ ಇದಕ್ಕಿಂತ ಹೆಚ್ಚಿನದನ್ನು ಕೇಳುವುದಿಲ್ಲ. ಆದರೆ ಊರು ಬಿಟ್ಟು ಬಂದ ಕನ್ನಡ ಕುಟುಂಬಗಳ ಮನೆಗಳಲ್ಲಿ ಯಾವ ಆಸ್ತಿಪಟ್ಟಿಗೂ ಸೇರದ ಒಂದು ಟ್ರಂಕು ಅಟ್ಟದ ಮೇಲೆ ಕುಳಿತಿರುತ್ತದೆ. ಅದರ ಮೇಲ್ಭಾಗದಲ್ಲಿ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ನವರಾತ್ರಿಯ ಗೊಂಬೆಗಳು. ಕೆಳಗೆ, ಗೊಂಬೆಗಳಿಗೆ ಮೆತ್ತೆಯಾಗಲೆಂದು ಯಾರೋ ಹಾಸಿದ ಕಾಗದಗಳು: ಚಿತ್ರಮಂದಿರದಲ್ಲಿ ಕೊಂಡ ಹಾಡಿನ ಪುಸ್ತಕಗಳು, ‘ರೂಪತಾರಾ’ದ ಕೆಲವು ಸಂಚಿಕೆಗಳು, ದೇವರ ಚಿತ್ರವಿರುವ ಹಳೆಯ ಕ್ಯಾಲೆಂಡರು. ಅದೃಷ್ಟವಿದ್ದರೆ ಎರಡು ಮೂರು ಗ್ರಾಮಫೋನು ತಟ್ಟೆಗಳು.

ಈ ಟ್ರಂಕನ್ನು ಕುರಿತು ಸ್ಮರಣ ಸಂಚಿಕೆಯಲ್ಲಿ ಬರೆಯಲು ಕಾರಣವಿದೆ. ಇದು ಖಾಲಿಯಾಗುತ್ತಿರುವ ಕಾಲ. ಅಪಾರ್ಟ್‌ಮೆಂಟುಗಳಲ್ಲಿ ಅಟ್ಟವಿಲ್ಲ, ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ, ಮಕ್ಕಳು ಸಮುದ್ರದಾಚೆ ಇದ್ದಾರೆ. ಮನೆ ಬದಲಿಸುವಾಗ ಮೊದಲು ಹೊರಗೆ ಹೋಗುವುದು ಈ ಟ್ರಂಕೇ. ನಾನು ವಾಸಿಸುವ ವಿಜಯವಾಡದ ಆಟೋನಗರ್ 1966ರಲ್ಲಿ ಪ್ರಾರಂಭವಾದ ವಾಹನೋದ್ಯಮದ ಬಡಾವಣೆ. (ವಿಶಾಖಪಟ್ಟಣದಲ್ಲಿಯೂ ಗಾಜುವಾಕದ ಬಳಿ ಇದೇ ಹೆಸರಿನ ಬಡಾವಣೆಯೊಂದಿದೆ, ಅಂಚೆಯವರಿಗೆ ಇದರಿಂದ ಆಗಾಗ ತಬ್ಬಿಬ್ಬು.) ಇಲ್ಲಿ ಲಾರಿಗೆ ಬಾಡಿ ಕಟ್ಟುವವರೂ ಇದ್ದಾರೆ, ಹಳೆಯ ಲಾರಿಯನ್ನು ಬಿಚ್ಚುವವರೂ ಇದ್ದಾರೆ. ಕಬ್ಬಿಣಕ್ಕೆ ಇಲ್ಲಿ ಮರಣವೆಂಬುದಿಲ್ಲ. ಒಂದು ಗಾಡಿಯಲ್ಲಿ ಸತ್ತ ಭಾಗ ಮತ್ತೊಂದರಲ್ಲಿ ಹುಟ್ಟುತ್ತದೆ. ಆದರೆ ಅದೇ ಗುಜರಿಯ ತಕ್ಕಡಿಗೆ ಬಂದ ಕಾಗದಕ್ಕೆ ಈ ಭಾಗ್ಯವಿಲ್ಲ. ಅದು ನೇರವಾಗಿ ಕಾಗದದ ಗಿರಣಿಗೆ ಹೋಗಿ ರಟ್ಟಾಗುತ್ತದೆ.

ಇಂತಹ ವಸ್ತುಗಳಿಗೆ ಮೂರು ಬಗೆಯ ಬೆಲೆಯುಂಟು. ಒಂದು, ತೂಕದ ಬೆಲೆ. ಎರಡು, ಸಂಗ್ರಾಹಕರು ಕೊಡುವ ಬೆಲೆ. ಮೂರನೆಯದು ಸಾಕ್ಷ್ಯದ ಬೆಲೆ, ಎಂದರೆ ಬೇರೆ ಎಲ್ಲಿಯೂ ಉಳಿಯದ ಒಂದು ಸಂಗತಿಗೆ ಈ ವಸ್ತುವೊಂದೇ ಆಧಾರವಾಗಿ ನಿಂತಿರುವುದು. ಮೊದಲನೆಯದನ್ನು ಎಲ್ಲರೂ ಬಲ್ಲರು, ಎರಡನೆಯದನ್ನು ಕೆಲವರು ಬಲ್ಲರು. ಮೂರನೆಯದನ್ನು ತಿಳಿದವರು ವಿರಳವಾದ್ದರಿಂದಲೇ ಕನ್ನಡಕ್ಕೆ ಆಗಬಾರದ ನಷ್ಟವಾಗಿದೆ.

ಗೊಂಬೆಗಳ ಸಂಬಂಧ

ಮೈಸೂರು ಸೀಮೆಯಲ್ಲಿ ಮದುವೆಯಾದ ಮಗಳಿಗೆ ತವರಿನವರು ಪಟ್ಟದ ಗೊಂಬೆಗಳ ಜೋಡಿಯನ್ನು ಕೊಡುವ ಪದ್ಧತಿಯಿತ್ತು. ರಾಜ ಮತ್ತು ರಾಣಿ; ನವರಾತ್ರಿಯ ಮೊದಲ ದಿನ ಇವರಿಗೆ ಪಟ್ಟ ಕಟ್ಟಿದ ಮೇಲೆಯೇ ಉಳಿದ ಗೊಂಬೆಗಳಿಗೆ ಮೆಟ್ಟಿಲೇರುವ ಅಧಿಕಾರ. ಮೈಸೂರಿನ ಅರಮನೆಯಲ್ಲಿ ‘ಗೊಂಬೆ ತೊಟ್ಟಿ’ ಎಂಬ ಹೆಸರಿನ ಭಾಗವೇ ಇದೆ ಎಂಬುದನ್ನು ನೋಡಿದವರು ಬಲ್ಲರು. ಹಳೆಯ ಪಟ್ಟದ ಗೊಂಬೆಗಳು ಸಾಮಾನ್ಯವಾಗಿ ರಕ್ತಚಂದನದ ಮರದವು. ಆ ಮರ ಸಹಜವಾಗಿ ಬೆಳೆಯುವುದು ಶೇಷಾಚಲವೇ ಮೊದಲಾದ ಆಂಧ್ರದ ದಕ್ಷಿಣದ ಬೆಟ್ಟಗಳಲ್ಲಿ. ತಿರುಪತಿಯಿಂದ ತಂದ ಮರದ ಬೊಂಬೆಗಳು ಮೈಸೂರಿನ ಮನೆಗಳಲ್ಲಿ ರಾಜದಂಪತಿಗಳಾದುವು. ಆಂಧ್ರಕ್ಕೆ ಬಂದು ನೆಲಸಿದ ನಮ್ಮ ಮನೆಗಳಲ್ಲಿ ಈ ಗೊಂಬೆಗಳು ಒಂದು ವಿಧದಲ್ಲಿ ತವರಿಗೆ ಮರಳಿವೆ ಎನ್ನಬೇಕು.

ವಿಜಯವಾಡದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ದೂರದಲ್ಲಿ ಕೊಂಡಪಲ್ಲಿ. ಅಲ್ಲಿಯ ಗೊಂಬೆಗಳು ‘ತೆಲ್ಲ ಪೊಣಿಕಿ’ ಎಂಬ ಬಹಳ ಹಗುರಾದ ಮರದವು. ಕೈ, ಕಾಲು, ತಲೆಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಿಸೆಬೀಜದ ಪುಡಿ ಮತ್ತು ಮರದ ಹೊಟ್ಟನ್ನು ಕಲಸಿದ ಅಂಟಿನಿಂದ ಜೋಡಿಸಿ, ಸುಣ್ಣ ಬಳಿದು, ಅದರ ಮೇಲೆ ಬಣ್ಣ ಹಚ್ಚುತ್ತಾರೆ. ದಶಾವತಾರ, ತಾಳೆಮರ ಹತ್ತುವವನು, ಅಂಬಾರಿಯ ಆನೆ ಇವು ಅಲ್ಲಿಯ ಹೆಸರುವಾಸಿ ಗೊಂಬೆಗಳು. ಇಲ್ಲಿಯ ಕನ್ನಡಿಗರ ಮನೆಗಳಲ್ಲಿ ಜಂಬೂ ಸವಾರಿಯ ಆನೆ ಬಹುಮಟ್ಟಿಗೆ ಕೊಂಡಪಲ್ಲಿಯದೇ. ಅದರಿಂದ ಮೈಸೂರಿಗೇನೂ ಅವಮಾನವಿಲ್ಲ.

ಕರಾವಳಿ ಆಂಧ್ರದ ಅನೇಕ ಮನೆಗಳಲ್ಲಿ ‘ಬೊಮ್ಮಲ ಕೊಲುವು’ ಇಡುವುದು ಸಂಕ್ರಾಂತಿಗೆ. ನಾವು ಇಡುವುದು ದಸರೆಗೆ. ಇಂದ್ರಕೀಲಾದ್ರಿಯ ಕನಕದುರ್ಗೆಯ ಬೆಟ್ಟಕ್ಕೆ ಜನಸಾಗರ ಹರಿದು ಬರುವ ದಿನಗಳಲ್ಲಿಯೇ ನಮ್ಮ ಮನೆಗಳಲ್ಲಿ ಮೆಟ್ಟಿಲು ಕಟ್ಟುತ್ತೇವೆ. ಹೀಗಾಗಿ ಎರಡು ಮನೆಗಳ ನಡುವೆ ಗೊಂಬೆಗಳ ಕೈಗಡಕ್ಕೆ ಅನುಕೂಲ. ನಮ್ಮ ತಾಯಿಯವರ ಗೌರಿ ಪುಷ್ಯಮಾಸದಲ್ಲಿ ನೆರೆಮನೆಗೆ ಹೋಗಿ ಮೂರು ದಿನ ಇದ್ದು ಬರುತ್ತಿದ್ದಳು. ಬರುವಾಗ ಮಡಿಲಲ್ಲಿ ಎಳ್ಳುಂಡೆಯೂ ಇರುತ್ತಿತ್ತು. ಬಡ್ಡಿಯಿಲ್ಲದ ಸಾಲ ಎಂಬುದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಈಗ ವಿಶಾಖಪಟ್ಟಣದ ಕಡೆಗೆ ನೋಡೋಣ. ಆ ನಗರದಿಂದ ಸುಮಾರು 65 ಕಿಲೋಮೀಟರು ದೂರದಲ್ಲಿ, ವರಾಹ ನದಿಯ ದಡದಲ್ಲಿರುವ ಏಟಿಕೊಪ್ಪಾಕ ಎಂಬ ಗ್ರಾಮದ ಆಟಿಕೆಗಳನ್ನು ನೋಡಿದ ಕನ್ನಡಿಗನು ಒಡನೆಯೇ “ಇದು ಚನ್ನಪಟ್ಟಣದ್ದಲ್ಲವೆ?” ಎನ್ನುತ್ತಾನೆ. ಅನ್ನುವುದರಲ್ಲಿ ತಪ್ಪಿಲ್ಲ. ಅಲ್ಲಿಯವರು ‘ಅಂಕುಡು’ ಎಂದು ಕರೆಯುವ ಮರವೂ ಚನ್ನಪಟ್ಟಣದ ಆಲೆ ಮರವೂ ಒಂದೇ ಜಾತಿಯವು. ಎರಡೂ ಕಡೆ ತಿರುಗಣಿಯಲ್ಲಿ ಮರವನ್ನು ತಿರುಗಿಸುತ್ತ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಏಟಿಕೊಪ್ಪಾಕದಲ್ಲಿ ಬೀಜ, ಬೇರು, ತೊಗಟೆಗಳಿಂದ ತೆಗೆದ ಬಣ್ಣಗಳನ್ನು ಮತ್ತೆ ರೂಢಿಗೆ ತಂದ ಸಿ. ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು.

ಅರಗು ಮತ್ತು ಸೆಲ್ಯುಲಾಯ್ಡ್

ಗೊಂಬೆಗೂ ಸಿನಿಮಾಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಎರಡೂ ಹಬ್ಬಕ್ಕೆ ಸೇರಿದುವು ಎನ್ನುವುದು ಒಂದು ಉತ್ತರ. ದಸರೆ, ದೀಪಾವಳಿ, ಯುಗಾದಿಗೆ ಹೊಸ ಬಟ್ಟೆಯಂತೆ ಹೊಸ ಚಿತ್ರವೂ ಬರುವುದು ನಮ್ಮ ರೂಢಿ. ಆದರೆ ಅದಕ್ಕಿಂತ ಗಟ್ಟಿಯಾದ ಸಂಬಂಧವೊಂದಿದೆ. ಅವು ಒಂದೇ ದ್ರವ್ಯದಿಂದ ಆದುವು.

ಮರಗಳ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟ ಸುರಿಸುವ ಅಂಟೇ ಅರಗು. ಪಾಂಡವರನ್ನು ಸುಡಲು ಮನೆ ಕಟ್ಟಿದ್ದು ಇದರಿಂದ ಎಂದು ನಾವು ಬಲ್ಲೆವು. ಚನ್ನಪಟ್ಟಣದ ಕುದುರೆಗೆ ಹೊಳಪು ಕೊಡುವುದು ಇದೇ. 78 ಸುತ್ತಿನ ಗ್ರಾಮಫೋನು ತಟ್ಟೆಗೆ ಬಂಧಕವಾಗಿದ್ದದ್ದೂ ಇದೇ: ಅರಗಿಗೆ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಸೇರಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಪ್ರಪಂಚದ ಅರಗಿನಲ್ಲಿ ದೊಡ್ಡ ಪಾಲು ಭಾರತದ್ದಾಗಿದ್ದುದರಿಂದ ಲಂಡನ್ನಿನ ಸಂಗೀತಗಾರನ ಧ್ವನಿಯೂ ನಮ್ಮ ಕಾಡಿನ ಕೀಟದ ಅಂಟಿನ ಮೇಲೆಯೇ ಕುಳಿತಿತ್ತು. ಗ್ರಾಮಫೋನ್ ಕಂಪೆನಿಯು 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯಿತು. ಈ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು ಮೂರೂವರೆ ನಿಮಿಷ. ನಮ್ಮ ಚಿತ್ರಗೀತೆಗಳು ಇಂದಿಗೂ ಬಹುಮಟ್ಟಿಗೆ ಆ ಅಳತೆಯಲ್ಲಿಯೇ ಇರುವುದಕ್ಕೆ ಮೊದಲ ಕಾರಣ ಆ ತಟ್ಟೆ.

ಇನ್ನೊಂದು ದ್ರವ್ಯ ಸೆಲ್ಯುಲಾಯ್ಡ್. ಅಜ್ಜಿಯರ ಕಾಲದ ಗೊಂಬೆಗಳಲ್ಲಿ ತೆಳ್ಳಗೆ, ಹಗುರವಾಗಿ, ಕೆನ್ನೆ ಒತ್ತಿದರೆ ತಗ್ಗು ಬೀಳುವ ಜಪಾನಿನ ಮಗುವೊಂದು ಇರುತ್ತಿತ್ತಲ್ಲ, ಅದು ಸೆಲ್ಯುಲಾಯ್ಡಿನದು. 1950ರ ಸುಮಾರಿನವರೆಗೆ ಚಿತ್ರಮಂದಿರಗಳಲ್ಲಿ ಓಡುತ್ತಿದ್ದ 35 ಮಿಲಿಮೀಟರ್ ಸುರುಳಿಗಳೂ ಇದೇ ವಂಶದವು. ನೈಟ್ರೇಟ್ ಎಂಬ ರಾಸಾಯನಿಕ ಮೂಲದವು. ಕಿಡಿ ತಾಗಿದರೆ ಭಗ್ಗೆಂದು ಹತ್ತಿ ಉರಿಯುವುದು ಇದರ ಗುಣ. (ಟೇಬಲ್ ಟೆನ್ನಿಸ್ ಚೆಂಡು ಕೂಡ 2014ರಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಿಗೆ ಪ್ಲಾಸ್ಟಿಕ್ ಬರುವವರೆಗೆ ಸೆಲ್ಯುಲಾಯ್ಡಿನದೇ ಆಗಿತ್ತು.) ನಮ್ಮ ಬಾಲ್ಯಕ್ಕೆ ಈ ಅಪಾಯಕಾರಿ ಸುರುಳಿ ಹೋಗಿ ಸುಲಭವಾಗಿ ಉರಿಯದ ಸುರುಳಿ ಬಂದಿದ್ದುದು ಪುಣ್ಯ. ಏಕೆಂದರೆ ಟೆಂಟಿನ ಹಿಂದೆ ಬಿದ್ದ ಫಿಲ್ಮಿನ ತುಂಡುಗಳನ್ನು ಆಯ್ದು, ಕೆಟ್ಟ ಬಲ್ಬಿಗೆ ನೀರು ತುಂಬಿ ಮಸೂರ ಮಾಡಿ, ಕನ್ನಡಿಯಿಂದ ಬಿಸಿಲನ್ನು ಹಾಯಿಸಿ ಗೋಡೆಯ ಮೇಲೆ ‘ಸಿನಿಮಾ’ ಬಿಡದ ಹುಡುಗ ಕರ್ನಾಟಕದಲ್ಲಿ ಇದ್ದಿರಲಾರ.

ಇಲ್ಲವಾದ ಚಿತ್ರ

ಮೇಲೆ ಹೇಳಿದ ಮೂರನೆಯ ಬೆಲೆಗೆ ಇಲ್ಲಿ ಬರುತ್ತೇನೆ. ಕನ್ನಡದಲ್ಲಿ ತೆರೆಕಂಡ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’. 1934ರ ಮಾರ್ಚ್ 3ರಂದು ಅದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ನಿರ್ಮಿಸಿದವರು ಚಮನ್‌ಲಾಲ್ ಡುಂಗಾಜಿ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ವೆಚ್ಚ ಸುಮಾರು 40,000 ರೂಪಾಯಿ. ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಎಂ. ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ನಿರ್ದೇಶಿಸಿದ ವೈ. ವಿ. ರಾವ್ ಅವರು ನೆಲ್ಲೂರಿನವರು, ತೆಲುಗರು. ಚಿತ್ರದಲ್ಲಿ ಲಕ್ಷ್ಮಣನ ಪಾತ್ರವನ್ನೂ ವಹಿಸಿದರು. ಮುಂದೆ ಕನ್ನಡ ಪ್ರೇಕ್ಷಕರ ಅಚ್ಚುಮೆಚ್ಚಿನ ನಟಿಯಾದ ಲಕ್ಷ್ಮಿಯವರು ಇವರ ಮಗಳು.

ಇಷ್ಟೆಲ್ಲ ವಿವರ ನಮಗೆ ಗೊತ್ತು. ಚಿತ್ರ ಮಾತ್ರ ಇಲ್ಲ. ಒಂದು ಪ್ರತಿಯೂ ದೊರೆಯುವುದಿಲ್ಲ. ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತುವಾಗಿ ಹೇಗೆ ನಿಂತರು, ನಾಗೇಂದ್ರರಾಯರ ರಾವಣ ಹೇಗೆ ಗುಡುಗಿದ ಎಂಬುದನ್ನು ಇನ್ನು ಯಾರೂ ನೋಡಲಾರರು, ಕೇಳಲಾರರು. ಹಿಂದಿಯ ‘ಆಲಂ ಆರಾ’ (1931), ತಮಿಳಿನ ‘ಕಾಳಿದಾಸ್’ (1931) ಇವುಗಳಿಗೂ ಇದೇ ಗತಿಯಾಯಿತು. ಆದ್ದರಿಂದ ‘ಸತಿ ಸುಲೋಚನಾ’ದ ಬಗ್ಗೆ ನಾವು ಬಲ್ಲದ್ದೆಲ್ಲ ಬಂದಿರುವುದು ಜಾಹೀರಾತು, ಸ್ಥಿರಚಿತ್ರ, ಬರವಣಿಗೆ, ಹಿರಿಯರ ನೆನಪುಗಳಿಂದ, ಎಂದರೆ ಯಾರದೋ ಟ್ರಂಕಿನಲ್ಲಿ ಉಳಿದ ಕಾಗದಗಳಿಂದ.

ಚಿತ್ರಗಳು ಹೀಗೆ ಏಕೆ ನಾಶವಾದುವು? ನೈಟ್ರೇಟ್ ಸುರುಳಿ ತಾನಾಗಿಯೇ ಕೊಳೆಯುತ್ತದೆ. ಮೊದಲು ಅಂಟಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ. ಅದು ಕೊಳೆಯುವ ಮೊದಲೇ ಅನೇಕ ಸುರುಳಿಗಳನ್ನು ಅದರ ಮೇಲಿನ ಬೆಳ್ಳಿಯ ಅಂಶಕ್ಕಾಗಿ ಮಾರಿ ಕರಗಿಸಿದರು. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಓಟ ಮುಗಿದ ಚಿತ್ರದ ಪುಸ್ತಕ ಮೌಲ್ಯ ಸೊನ್ನೆ, ಗುಜರಿ ಮೌಲ್ಯ ಕೆಲವು ರೂಪಾಯಿ; ನಿರ್ಮಾಪಕನು ಗುಜರಿಯನ್ನೇ ಆರಿಸಿಕೊಂಡನು. ಅವನನ್ನು ದೂರುವ ಮನಸ್ಸು ನನಗಿಲ್ಲ. ಕೊನೆಯ ಚಿತ್ರದ ಸಾಲ ತೀರಿಸಲು ಮೊದಲ ಚಿತ್ರದ ಬೆಳ್ಳಿ ಬೇಕಾಗಿತ್ತು. ಇಂತಹ ಸುರುಳಿಗಳನ್ನು ಕಾಪಾಡಲು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪಿತವಾದದ್ದು 1964ರಲ್ಲಿ, ಎಂದರೆ ‘ಸತಿ ಸುಲೋಚನಾ’ ಬಂದು ಮೂವತ್ತು ವರ್ಷ ಕಳೆದ ಮೇಲೆ. ಪಿ. ಕೆ. ನಾಯರ್ ಎಂಬ ಹಠವಾದಿ ಅಧಿಕಾರಿ ಊರೂರು ಸುತ್ತಿ ಸುರುಳಿಗಳನ್ನು ಕೂಡಿಸಿದರು. ಅಷ್ಟಾದರೂ 2003ರ ಜನವರಿಯಲ್ಲಿ ಪುಣೆಯಲ್ಲಿಯೇ ನೈಟ್ರೇಟ್ ಸುರುಳಿಗಳ ಕೋಣೆಗೆ ಬೆಂಕಿ ಬಿದ್ದು ಅಪಾರ ನಷ್ಟವಾಯಿತು.

ಹೀಗೆ ಚಿತ್ರ ಹೋದ ಕಡೆ ಹಾಡಿನ ಪುಸ್ತಕ ನಿಲ್ಲುತ್ತದೆ. ಹತ್ತು ಹದಿನಾರು ಪುಟದ, ತೆಳು ಕಾಗದದ ಈ ಪುಸ್ತಕಗಳನ್ನು ಕೆಲವು ಕಾಸಿಗೆ ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದರು. ಮುಖಪುಟದಲ್ಲಿ ನಾಯಕ ನಾಯಕಿಯರು. ಒಳಗೆ ಪಾತ್ರವರ್ಗ, ತಂತ್ರಜ್ಞರು, ಕಥಾಸಾರ, ಹಾಡುಗಳು. ಕಥಾಸಾರವು ಸಂಕಟದ ಘಟ್ಟಕ್ಕೆ ಬಂದೊಡನೆ ನಿಂತುಬಿಡುವುದು. ಉಳಿದದ್ದನ್ನು ಬೆಳ್ಳಿ ತೆರೆಯ ಮೇಲೆ ನೋಡಿರೆಂದು ಕೋರಿಕೆ. ತೆರೆಯೇ ಇಲ್ಲದ ಈ ಕಾಲದಲ್ಲಿ ಆ ಕೋರಿಕೆಯನ್ನು ಓದಿದರೆ ಮನಸ್ಸು ಭಾರವಾಗುತ್ತದೆ. 1950–60ರ ದಶಕಗಳಲ್ಲಿ ಬಹುಪಾಲು ಕನ್ನಡ ಚಿತ್ರಗಳು ಸಿದ್ಧವಾಗುತ್ತಿದ್ದುದು ಮದರಾಸಿನಲ್ಲಿ. ಆದ್ದರಿಂದ ಅವುಗಳಿಗೆ ಸಂಬಂಧಿಸಿದ ಕಾಗದಗಳು ಕರ್ನಾಟಕದಲ್ಲಿ ಮಾತ್ರ ಉಳಿದಿರುತ್ತವೆ ಎಂದು ತಿಳಿಯಬಾರದು. ಅವು ಮದರಾಸು, ಬಳ್ಳಾರಿ, ಅನಂತಪುರ, ಹೈದರಾಬಾದು, ವಿಜಯವಾಡಗಳಲ್ಲೆಲ್ಲ ಚದುರಿಹೋಗಿವೆ.

ಇದಕ್ಕೊಂದು ನಿದರ್ಶನ. ಕೆಲವು ವರ್ಷಗಳ ಹಿಂದೆ ಆಟೋನಗರದ ಒಂದು ಗುಜರಿ ಅಂಗಡಿಯಲ್ಲಿ ತೂಕಕ್ಕಿಟ್ಟಿದ್ದ ಕಾಗದದ ಕಟ್ಟಿನ ಅಂಚಿನಲ್ಲಿ ಪರಿಚಯದ ಮುಖವೊಂದು ಇಣುಕಿತು. ಪುಸ್ತಕ ತೆಲುಗಿನದು, ಮುಖ ರಾಜ್‌ಕುಮಾರರದು. ‘ಬೇಡರ ಕಣ್ಣಪ್ಪ’ 1954ರಲ್ಲಿ ಬಂದ ಚಿತ್ರ, ರಾಜ್‌ಕುಮಾರರು ನಾಯಕರಾದದ್ದು ಅದರಿಂದ, ನಿರ್ದೇಶಕರು ಎಚ್. ಎಲ್. ಎನ್. ಸಿಂಹ. ಅದೇ ವರ್ಷ ಅದೇ ಸಿಂಹರು ಅದೇ ರಾಜ್‌ಕುಮಾರರಿಂದ ತೆಲುಗಿನಲ್ಲಿ ಕಾಳಹಸ್ತಿ ಮಹಾತ್ಮ್ಯದ ಕಥೆಯನ್ನು ತೆಗೆದರು. ಕಣ್ಣಪ್ಪನ ಕ್ಷೇತ್ರವಾದ ಶ್ರೀಕಾಳಹಸ್ತಿ ಇರುವುದೇ ಆಂಧ್ರದಲ್ಲಿ ತಾನೆ? ರಾಜ್‌ಕುಮಾರರು ನಟಿಸಿದ ತೆಲುಗು ಚಿತ್ರ ಅದೊಂದೇ. ಆ ಚಿತ್ರದ ಹಾಡಿನ ಪುಸ್ತಕ ಅದು. “ಈ ಹೀರೋ ಯಾರು ಸಾರ್?” ಎಂದು ಅಂಗಡಿಯ ಹುಡುಗ ತೆಲುಗಿನಲ್ಲಿ ಕೇಳಿದ. “ನಮ್ಮ ಊರಿನವರಪ್ಪ” ಎಂದೆ. ಅವನು ಹತ್ತು ರೂಪಾಯಿ ತೆಗೆದುಕೊಂಡ. ಕಟ್ಟಿನಲ್ಲಿದ್ದ ಉಳಿದ ಪುಸ್ತಕಗಳ ಅರ್ಧಭಾಗ ಆಗಲೇ ಗೆದ್ದಲಿಗೆ ಹೋಗಿತ್ತು.

ಬೆಲೆಯ ಮಾತು

ಹೊರದೇಶಗಳಲ್ಲಿ ಇಂತಹ ವಸ್ತುಗಳ ವ್ಯಾಪಾರ ದೊಡ್ಡದು. 1939ರ ‘ದಿ ವಿಜರ್ಡ್ ಆಫ್ ಆಜ್’ ಚಿತ್ರದಲ್ಲಿ ನಾಯಕಿ ಧರಿಸಿದ ಕೆಂಪು ಪಾದರಕ್ಷೆಗಳ ಒಂದು ಜೋಡಿ 2024ರ ಡಿಸೆಂಬರಿನಲ್ಲಿ ದಲ್ಲಾಳಿಯೂ ಸೇರಿ 325 ಲಕ್ಷ ಡಾಲರಿಗೆ ಹರಾಜಾಯಿತು. ಇದೇ ಜೋಡಿ 2005ರಲ್ಲಿ ಒಂದು ವಸ್ತುಸಂಗ್ರಹಾಲಯದಿಂದ ಕಳುವಾಗಿ 2018ರಲ್ಲಿ ಸಿಕ್ಕಿತ್ತು. ಕದ್ದವನು ಅದರಲ್ಲಿರುವುದು ನಿಜವಾದ ಮಾಣಿಕ್ಯವೆಂದು ನಂಬಿದ್ದನಂತೆ; ಇದ್ದುದು ಮಿನುಗು ಬಿಲ್ಲೆಗಳು. ತೂಕದ ಬೆಲೆ ಮಾತ್ರ ಬಲ್ಲವನು ಕಳ್ಳನಾಗಿಯೂ ಕೆಡುತ್ತಾನೆ. 1927ರ ಜರ್ಮನ್ ಚಿತ್ರ ‘ಮೆಟ್ರೊಪೊಲಿಸ್’ನ ಭಿತ್ತಿಪತ್ರವೊಂದು 2005ರಲ್ಲಿ 6,90,000 ಡಾಲರಿಗೆ ಮಾರಾಟವಾಯಿತು.

ಈ ಅಂಕಿಗಳನ್ನು ಓದಿ ಅಟ್ಟವೇರುವವರಿಗೆ ನಿರಾಸೆ ಕಾದಿದೆ. ಕನ್ನಡದ ಹಾಡಿನ ಪುಸ್ತಕಕ್ಕೆ ಸಂಗ್ರಾಹಕರು ಕೊಡುವುದು ಸಾಮಾನ್ಯವಾಗಿ ಅಲ್ಪ ಹಣ. ಬೆಲೆಯನ್ನು ನಿರ್ಧರಿಸುವುವು ವಿರಳತೆ, ಸ್ಥಿತಿ ಮತ್ತು ಪೂರ್ವಚರಿತ್ರೆ. ಭಿತ್ತಿಪತ್ರಗಳು ಎಲ್ಲಕ್ಕಿಂತ ವಿರಳ. ಏಕೆಂದರೆ ಅವು ಮೈದಾಹಿಟ್ಟಿನ ಅಂಟು ಬಳಿದುಕೊಂಡು ಗೋಡೆಯ ಮೇಲೆಯೇ ಸತ್ತುವು, ಮುಂದಿನ ವಾರದ ಚಿತ್ರ ಅವುಗಳ ಮೇಲೆ ಬಂತು. ವಿರಳವಾದುದರಿಂದಲೇ ನಕಲುಗಳೂ ಹೆಚ್ಚು. ಭೂತಗನ್ನಡಿ ಹಿಡಿದು ನೋಡಿರಿ: ಕಲ್ಲಚ್ಚಿನ ಹಳೆಯ ಚಿತ್ರದಲ್ಲಿ ಕೈಯಿಂದ ಎಳೆದ ಒರಟು ಗೆರೆ, ಚುಕ್ಕೆಗಳು ಕಾಣುತ್ತವೆ, ಆಫ್‌ಸೆಟ್ ಮುದ್ರಣದಲ್ಲಿ ಒಂದೇ ಕ್ರಮದ ಚುಕ್ಕೆಗಳ ಸಾಲು, ಇಂದಿನ ಕಂಪ್ಯೂಟರ್ ಮುದ್ರಣದಲ್ಲಿ ಕ್ರಮವಿಲ್ಲದ ಸಣ್ಣ ಸಿಂಪಡಿಕೆ. ಇನ್ನೊಂದು ಗುರುತು ನನಗೆ ಬಹಳ ಪ್ರಿಯ. 1867ರ ಮುದ್ರಣಾಲಯ ಕಾಯಿದೆಯ ಪ್ರಕಾರ ಪ್ರತಿಯೊಂದು ಅಚ್ಚಾದ ಪುಸ್ತಕ ಅಥವಾ ಕಾಗದದ ಮೇಲೆ ಮುದ್ರಕನ ಹೆಸರೂ ಮುದ್ರಿಸಿದ ಸ್ಥಳವೂ ಇರಬೇಕಾಗಿತ್ತು. ಹಾಡಿನ ಪುಸ್ತಕದ ಕೊನೆಯ ಪುಟದ ಅಡಿಯಲ್ಲಿ ಇರುವೆಯಂತಹ ಅಕ್ಷರಗಳಲ್ಲಿ ಅದು ಇರುತ್ತದೆ. ನಕಲು ಮಾಡುವವರು ನಾಯಕಿಯ ಮುಖದ ಬಗ್ಗೆ ತೋರಿಸುವ ಶ್ರದ್ಧೆಯನ್ನು ಈ ಸಾಲಿನ ಬಗ್ಗೆ ತೋರಿಸುವುದಿಲ್ಲ.

ಕಾನೂನಿನ ಎರಡು ಮೂರು ಸಂಗತಿಗಳನ್ನು ಹೇಳದಿದ್ದರೆ ವೃತ್ತಿಧರ್ಮಕ್ಕೆ ಚ್ಯುತಿ. ಸ್ವಂತ ಬಳಕೆಯ ವಸ್ತುಗಳ ಮಾರಾಟದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲವೆಂದು ಅನೇಕರು ನಂಬಿದ್ದಾರೆ. ಆದರೆ 2007ರ ಹಣಕಾಸು ಕಾಯಿದೆಯು ಚಿತ್ರಕಲೆ, ಶಿಲ್ಪ ಮತ್ತು ಯಾವುದೇ ಕಲಾಕೃತಿಯನ್ನು ಆ ವಿನಾಯಿತಿಯಿಂದ ಹೊರಗಿಟ್ಟಿತು. ದೊಡ್ಡ ಮೊತ್ತಕ್ಕೆ ಮಾರುವುದಾದರೆ ಲೆಕ್ಕಪರಿಶೋಧಕರನ್ನು ಕೇಳಿ ಮಾರಿರಿ. ಮಕ್ಕಳಿರುವ ದೇಶಕ್ಕೆ ಒಯ್ಯುವವರು ಇನ್ನೂ ಎಚ್ಚರದಿಂದಿರಬೇಕು. 1972ರ ಪುರಾವಸ್ತು ಕಾಯಿದೆಯಲ್ಲಿ ನೂರು ವರ್ಷಕ್ಕೆ ಮೀರಿದ ಕುಶಲವಸ್ತು, 75 ವರ್ಷಕ್ಕೆ ಮೀರಿದ ಮಹತ್ವದ ಹಸ್ತಪ್ರತಿ ಮತ್ತು ದಾಖಲೆಗಳು ಪುರಾವಸ್ತುಗಳ ಸಾಲಿಗೆ ಬರುತ್ತವೆ. ಅವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಮುತ್ತಜ್ಜಿಯ ಪಟ್ಟದ ಗೊಂಬೆ ಈ ವಯಸ್ಸನ್ನು ದಾಟಿರಬಹುದು. ದಾಟದಿದ್ದರೂ ಅದು ರಕ್ತಚಂದನದ್ದಾದರೆ ಇನ್ನೊಂದು ತೊಡಕು: 1995ರಿಂದ ಆ ಮರದ ಅಂತರರಾಷ್ಟ್ರೀಯ ಸಾಗಾಟಕ್ಕೆ ಕಟ್ಟುನಿಟ್ಟಾದ ನಿರ್ಬಂಧವಿದೆ. ವಿಮಾನ ನಿಲ್ದಾಣದಲ್ಲಿ ರಾಜದಂಪತಿಗಳ ಬಂಧನವಾಗದಿರಲಿ.

ಬ್ಯಾಂಕಿನ ಲಾಕರಿನಲ್ಲಿ ಇಡಬಹುದೆ ಎಂದು ಕೆಲವು ಗ್ರಾಹಕರು ಕೇಳುತ್ತಾರೆ. ಚಿನ್ನಕ್ಕೆ ಅದು ತಕ್ಕ ಸ್ಥಳ, ಕಾಗದಕ್ಕಲ್ಲ; ಗಾಳಿಯಾಡದ ಉಕ್ಕಿನ ಗೂಡು ಅದು. ಅಲ್ಲದೆ 2022ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ಸಿಬ್ಬಂದಿಯ ವಂಚನೆ ಮುಂತಾದ ಸಂದರ್ಭಗಳಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ.

ಆರೋಗ್ಯದ ದೃಷ್ಟಿಯಿಂದ

ಈ ಸಂಚಿಕೆಯಲ್ಲಿ ವೈದ್ಯರ ಲೇಖನಗಳಿರುವುದರಿಂದ ನಾನು ವೈದ್ಯಕೀಯಕ್ಕೆ ಕೈಹಾಕುವುದು ಅಧಿಕಪ್ರಸಂಗವಾದೀತು. ಆದರೂ ಟ್ರಂಕು ತೆರೆಯುವವರು ತಿಳಿದಿರಬೇಕಾದ ಕೆಲವು ಮಾತುಗಳಿವೆ.

ನುಸಿಗುಳಿಗೆಯನ್ನು ಮುಷ್ಟಿಗಟ್ಟಲೆ ಸುರಿಯುವುದು ನಮ್ಮ ಹಳೆಯ ಅಭ್ಯಾಸ. ಆ ನ್ಯಾಫ್ತಲೀನಿನ ಆವಿ ಎಲ್ಲರಿಗೂ ಒಳ್ಳೆಯದಲ್ಲ. ರಕ್ತಕಣಗಳಲ್ಲಿ ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸುಗಳಲ್ಲಿ ಅದು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆಯನ್ನು ತರಬಲ್ಲದು. ಗೊಂಬೆ ಸುತ್ತಿದ ಆ ಮೃದುವಾದ ಸೀರೆಯ ತುಂಡಿನಲ್ಲಿಯೇ ಬಾಣಂತಿಯ ಮನೆಯಲ್ಲಿ ಮಗುವನ್ನು ಸುತ್ತುವ ರೂಢಿಯಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಅದರ ಬದಲು ಒಣಗಿದ ಬೇವಿನ ಎಲೆ, ಬಜೆಯ ತುಂಡುಗಳನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, ಕಾಗದಕ್ಕೆ ತಾಗದಂತೆ ಇಡಬಹುದು. ಮುಖ್ಯವಾಗಿ ವರ್ಷಕ್ಕೆ ಎರಡು ಬಾರಿ ತೆರೆದು ನೋಡಬೇಕು. ಕಣ್ಣಿಗೆ ಬೀಳುವ ವಸ್ತುವಿನ ಮೇಲೆ ಹುಳು ಸಂಸಾರ ಹೂಡುವುದಿಲ್ಲ.

ಹಳೆಯ ಗೊಂಬೆಗಳ ಎಣ್ಣೆಬಣ್ಣಗಳಲ್ಲಿ ಸೀಸವಿರುವ ಸಂಭವ ಬಹಳ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿದ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಆದ್ದರಿಂದ ಅಜ್ಜಿಯ ಗೊಂಬೆಯನ್ನು ಮೊಮ್ಮಗು ನೋಡಲಿ, ಬಾಯಿಗೆ ಹಾಕದಿರಲಿ. ಸೆಲ್ಯುಲಾಯ್ಡ್ ಗೊಂಬೆಯನ್ನು ದೀಪದ ಬಳಿ ಇಡಲೇಬಾರದು. ನವರಾತ್ರಿಯ ಮೆಟ್ಟಿಲಲ್ಲಿ ಅದಕ್ಕೆ ಆರತಿಯಿಂದ ದೂರದ ಸ್ಥಾನವೇ ಕ್ಷೇಮ.

ಸೋಂಕಿನ ವರ್ಷಗಳಲ್ಲಿ ಮನೆಯಲ್ಲಿರುವ ಎಲ್ಲವನ್ನೂ ಸ್ಯಾನಿಟೈಸರಿನಿಂದ ಒರೆಸುವ ಚಟ ಹತ್ತಿತು. ಮದ್ಯಸಾರವು ಅರಗನ್ನು ಕರಗಿಸುತ್ತದೆ. ಚನ್ನಪಟ್ಟಣದ ಆಟಿಕೆಯ ಹೊಳಪೂ 78 ಸುತ್ತಿನ ತಟ್ಟೆಯ ಗೆರೆಗಳೂ ಆ ಒಂದು ಒರೆಸುವಿಕೆಯಲ್ಲಿ ಹೋದುವು. ಇವೆರಡಕ್ಕೂ ಒಣಗಿದ ಮೆತ್ತನೆಯ ಬಟ್ಟೆ ಸಾಕು. ಆ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಿಡಬೇಕು. ಈಗಿನ ಯಂತ್ರದ ಸೂಕ್ಷ್ಮ ಮುಳ್ಳಿನಿಂದ ಅವನ್ನು ನುಡಿಸಬಾರದು, ಅವುಗಳ ಗೆರೆ ಅಗಲವಾದುದು.

ವಿಜಯವಾಡದವರಿಗೆ 2024ರ ಸೆಪ್ಟೆಂಬರ್ ತಿಂಗಳನ್ನು ನೆನಪಿಸಬೇಕಾಗಿಲ್ಲ. ಬುಡಮೇರು ಹೊಳೆ ಉಕ್ಕಿ ಸಿಂಗ್‌ನಗರದ ಕಡೆ ಮನೆಗಳು ದಿನಗಟ್ಟಲೆ ನೀರಿನಲ್ಲಿ ನಿಂತುವು. ನೀರಿಳಿದ ಮೇಲೆ ಬೀದಿಗೆ ಬಂದ ರಾಶಿಗಳಲ್ಲಿ ಹಾಸಿಗೆ, ಬೀರುಗಳೊಡನೆ ಎಷ್ಟೋ ಟ್ರಂಕುಗಳೂ ಇದ್ದುವು. ಒದ್ದೆಯಾದ ಕಾಗದ ಎರಡು ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಆದರೆ ಒದ್ದೆಯಾದ ಮಾತ್ರಕ್ಕೆ ಅದು ಹಾಳಾಯಿತೆಂದು ಎಸೆಯಬೇಕಾಗಿಲ್ಲ. ಅಂಟಿಕೊಂಡ ಪುಟಗಳನ್ನು ಬಲವಂತವಾಗಿ ಬಿಡಿಸದೆ, ನಡುನಡುವೆ ಹೀರುವ ಬಿಳಿ ಕಾಗದವಿಟ್ಟು, ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು, ಬಿಸಿಲು ಕೂಡದು. ಒಂದೇ ದಿನ ಎಲ್ಲವನ್ನೂ ಒಣಗಿಸಲಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಿಟ್ಟು, ಸಾವಕಾಶವಾಗಿ ಒಂದೊಂದನ್ನೇ ತೆಗೆಯಬಹುದು. ಕೆಸರು ಮೆತ್ತಿದ ಛಾಯಾಚಿತ್ರವನ್ನು ತಣ್ಣನೆಯ ಶುದ್ಧ ನೀರಿನಲ್ಲಿ ತೊಳೆದು ತೂಗುಹಾಕಬೇಕು. ಬೂಷ್ಟು ಹಿಡಿದದ್ದನ್ನು ಬಯಲಿನಲ್ಲಿ, ಮೂಗು ಬಾಯಿ ಮುಚ್ಚುವ ಒಳ್ಳೆಯ ಮುಖಗವಸು ಧರಿಸಿ ಬಿಚ್ಚಿರಿ. ಉಬ್ಬಸವಿರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದೇ ಲೇಸು.

ಕೊನೆಯದಾಗಿ ಬರವಣಿಗೆಯ ಒಂದು ಕೆಲಸ. ಮನೆಯ ಹಿರಿಯರು ಇರುವಾಗಲೇ ಪ್ರತಿಯೊಂದು ಗೊಂಬೆ ಎಲ್ಲಿಯದು, ಯಾರು ಕೊಟ್ಟರು, ಯಾವ ವರ್ಷ ಎಂಬುದನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹಾಡಿನ ಪುಸ್ತಕವಾದರೆ ಬೇರೆ ಚೀಟಿಯಲ್ಲಿ, ಪೆನ್ಸಿಲಿನಿಂದ, ಯಾವ ಊರಿನ ಯಾವ ಚಿತ್ರಮಂದಿರದಲ್ಲಿ ಕೊಂಡದ್ದು ಎಂದು ಬರೆದು ಒಳಗಿಡಬೇಕು; ಶಾಯಿಯೂ ಬೇಡ, ಪಿನ್ನೂ ಬೇಡ, ಸೆಲೋ ಟೇಪಂತೂ ಮುಟ್ಟಬೇಡಿ. ಮಕ್ಕಳಿಗೆ ಬೇಡವಾದರೆ ಪುಣೆಯ ಸಂಗ್ರಹಾಲಯಕ್ಕೆ ಬರೆಯಬಹುದು. ಅಲ್ಲಿ ಸುರುಳಿಗಳಷ್ಟೇ ಅಲ್ಲ, ಭಿತ್ತಿಪತ್ರ, ಹಾಡಿನ ಪುಸ್ತಕ, ಸ್ಥಿರಚಿತ್ರಗಳನ್ನೂ ಕಾಪಾಡುತ್ತಾರೆ. 2022ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಂದಿಗೆ ವಿಲೀನವಾಗಿರುವುದರಿಂದ ಪತ್ರದ ಮೇಲೆ ಆ ನಿಗಮದ ಹೆಸರನ್ನೂ ಬರೆಯಿರಿ. ಕಳುಹಿಸುವ ಮುನ್ನ ಮೊಬೈಲಿನಲ್ಲಿ ಎಲ್ಲ ಪುಟಗಳ ಚಿತ್ರ ತೆಗೆದುಕೊಳ್ಳಿ. ಮುದ್ರಕನ ಹೆಸರಿರುವ ಕೊನೆಯ ಪುಟದ ಅಡಿಯ ಸಾಲು ಅದರಲ್ಲಿ ಬಿಟ್ಟುಹೋಗದಿರಲಿ.